ಮೀನುಗಾರ ಹತ್ತು ವರ್ಷ ಮುಂದಿನದನ್ನು ಯೋಚಿಸುವಂತೆ ಮಾಡುವ ನೀತಿ ಯಾವುದು?

ನೀರಗಂಟಿ

ಮೀನುಗಾರಿಕೆ ನೀತಿ ಅಂದಕೂಡಲೇ ಮಾತು ಶುರುವಾಗುವುದು ನಿಷೇಧಗಳಿಂದ. ಈ ತಿಂಗಳು ಕಡಲಿಗಿಳಿಯಬೇಡಿ, ಈ ಬಲೆ ಹಾಕಬೇಡಿ, ಇಷ್ಟಕ್ಕಿಂತ ಸಣ್ಣ ಮೀನು ತರಬೇಡಿ. ಇವೆಲ್ಲ ಬೇಕು, ನಿಜ. ಆದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ ನೋಡಿ: ಅದು ಪರಿಶೀಲಿಸುವ ಕಡಲ ಮೀನಿನ ಸಂತತಿಗಳಲ್ಲಿ (ಸಂತತಿ ಎಂದರೆ ಒಂದು ಪ್ರದೇಶದಲ್ಲಿರುವ ಒಂದು ಜಾತಿಯ ಮೀನುಗಳ ಸಮೂಹ) 1974ರಲ್ಲಿ ಮಿತಿಮೀರಿ ಹಿಡಿಯಲಾಗುತ್ತಿದ್ದವು ಶೇ 10ರಷ್ಟು, 2021ರ ಹೊತ್ತಿಗೆ ಶೇ 37.7. ಈ ಅವಧಿಯಲ್ಲಿ ನಿಯಮಗಳೇನೂ ಕಡಿಮೆಯಾಗಲಿಲ್ಲ, ಹೆಚ್ಚುತ್ತಲೇ ಹೋದವು.

ನನ್ನನ್ನು ಹೆಚ್ಚು ಕಾಡುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಕತೆ. 1968ರಲ್ಲಿ ಅಲ್ಲಿ ಹಿಡಿದದ್ದು 8 ಲಕ್ಷ ಟನ್‌ಗೂ ಮಿಕ್ಕಿ, ಅದರಲ್ಲಿ ಬಹುಪಾಲು ಹಿಡಿದದ್ದು ವಿದೇಶಿ ಟ್ರಾಲರ್‌ಗಳು, ಅಂದರೆ ದೊಡ್ಡ ಬಲೆ ಎಳೆದುಕೊಂಡು ಹೋಗುವ ಹಡಗುಗಳು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿವರೆಗಿನ ನೀರು ತನ್ನದೆಂದು ಘೋಷಿಸಿತು. ಇನ್ನು ಮೀನು ಉಳಿಯಿತು ಅಂದುಕೊಂಡರು. ಹೊರಗಿನವರ ಜಾಗಕ್ಕೆ ಸ್ವಂತ ಟ್ರಾಲರ್‌ಗಳು ಬಂದವು. 1980ರ ದಶಕದಲ್ಲಿ ದಡದ ಸಣ್ಣ ದೋಣಿಯವರು ಮೀನು ಸಣ್ಣದಾಗುತ್ತಿದೆ, ಕಡಿಮೆಯಾಗುತ್ತಿದೆ ಎಂದು ಹೇಳುತ್ತಲೇ ಇದ್ದರು. ಇತ್ತ ದೊಡ್ಡ ಟ್ರಾಲರ್‌ಗಳ ಲೆಕ್ಕದಲ್ಲಿ ಗಂಟೆಗೆ ಸಿಗುವ ಮೀನು ಇಳಿದಿರಲಿಲ್ಲ. ಕಾರಣ ಸರಳ. ಕಾಡ್ ಸಂಖ್ಯೆ ಕುಸಿದಾಗ ಉಳಿದವು ಒಂದೆಡೆ ಗುಂಪುಗೂಡುತ್ತವೆ, ಶಬ್ದದ ಅಲೆಯಿಂದ ಮೀನು ಪತ್ತೆ ಮಾಡುವ ಸೋನಾರ್ ಇರುವ ಹಡಗು ನೇರ ಆ ಗುಂಪಿಗೇ ಹೋಗುತ್ತದೆ. ಕೊನೆಯ ಗುಂಪು ಮುಗಿಯುವವರೆಗೂ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 1992ರ ಜುಲೈನಲ್ಲಿ ಮೀನುಗಾರಿಕೆ ಮುಚ್ಚಿದಾಗ ಸುಮಾರು 30,000 ಜನರ ಕೆಲಸ ಹೋಯಿತು. ಆ ನಿಷೇಧ ಅಧಿಕೃತವಾಗಿ ಮುಗಿದದ್ದು 2024ರಲ್ಲಿ, ಅದೂ 18,000 ಟನ್ ಮಿತಿಯೊಂದಿಗೆ.

ನನ್ನ ವಾದ ಇಷ್ಟು. ಮೊದಲನೆಯದು, ಸಂತತಿ ಯಾವ ಮಟ್ಟಕ್ಕೆ ಇಳಿದರೆ ಹಿಡಿತವನ್ನು, ಅಂದರೆ ಹಿಡಿಯುವ ಮೀನಿನ ಪ್ರಮಾಣವನ್ನು, ಎಷ್ಟು ಕಡಿತ ಮಾಡಬೇಕು ಎಂಬುದು ಮುಂಚೆಯೇ ಬರೆದಿಟ್ಟ ನಿಯಮವಾಗಿರಬೇಕು. ಮೀನು ಕುಸಿದ ಮೇಲೆ ಸಚಿವರ ಮೇಜಿನ ಮುಂದೆ ಚೌಕಾಸಿಗೆ ಕೂತರೆ ಪ್ರತಿ ಸಲ ಸೋಲುವುದು ಮೀನೇ. ಎರಡನೆಯದು, ಇವತ್ತು ಬಿಟ್ಟ ಮೀನಿನ ಫಲ ನಾಳೆ ನನಗೇ ಸಿಗುತ್ತದೆ ಎಂಬ ಭರವಸೆ ಮೀನುಗಾರನಿಗೆ ಕಾನೂನಿನಿಂದಲೇ ಸಿಗಬೇಕು. ಎರಡನೆಯದರ ಬಗ್ಗೆಯೇ ಹೆಚ್ಚು ತಕರಾರು ಬರುತ್ತದೆ ಎಂದು ಗೊತ್ತು. ಹೇಳಿ, ಕೇಳೋಣ.

---

ಹಳೇ ತಾಂಡೇಲ

ಸರ್, ಎರಡನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಟ್ರಾಲ್ ದೋಣಿಯಲ್ಲಿ ದುಡಿದವನು ನಾನು. ಮರಿಮೀನಿನ ಗುಂಪಿನ ಮೇಲೆ ಬಲೆ ಹಾಕಿದ್ದೇವೆ ಅಂತ ಬಲೆ ಮೇಲೆ ಬಂದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ. ಜಾಗ ಬಿಟ್ಟು ಹೋಗೋಣ ಅಂದರೆ ಹಿಂದಿನ ದೋಣಿ ಅಲ್ಲೇ ಬಲೆ ಬಿಡುತ್ತದೆ. ನಾನು ಬಿಟ್ಟದ್ದು ಅವನ ಪಾಲು. ಹೀಗಿರುವಾಗ ಒಳ್ಳೆಯತನದ ಬೋಧನೆ ಮಾಡಿ ಏನು ಪ್ರಯೋಜನ?

ಬಲೆ ಕಣ್ಣಿನ ನಿಯಮದ ಬಗ್ಗೆಯೂ ಒಂದು ಮಾತು. ಇಷ್ಟು ಮಿಲಿಮೀಟರ್ ಕಣ್ಣಿರಬೇಕು ಎನ್ನುತ್ತದೆ ಕಾನೂನು. ಅಧಿಕಾರಿ ಬಂದರಿನಲ್ಲಿ ಅಳೆಯುತ್ತಾರೆ, ಸರಿ ಇರುತ್ತದೆ. ಆದರೆ ಮಾಮೂಲಿ ಬಲೆಯ ಕಣ್ಣು ಓರೆ ಚೌಕ. ಬಲೆಯ ಕೊನೆಯ ಚೀಲದಲ್ಲಿ ಮೀನು ತುಂಬಿ ಭಾರ ಬಿದ್ದು ಎಳೆಯತೊಡಗಿದರೆ ಆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಅಳತೆಯಲ್ಲಿ ಪಾಸಾದ ಕಣ್ಣಿನಿಂದ ಬೆರಳುದ್ದದ ಮರಿಯೂ ಹೊರಬೀಳದು. ಅದೇ ಚೀಲವನ್ನು ನೇರ ಚೌಕದ ಕಣ್ಣಿಟ್ಟು ಕಟ್ಟಿದರೆ ಭಾರದಲ್ಲೂ ಕಣ್ಣು ತೆರೆದೇ ಇರುತ್ತದೆ. ಅಳತೆ ಬರೆಯುವಾಗ ಬಲೆ ನೀರಿನಲ್ಲಿ ಹೇಗಿರುತ್ತದೆ ಎಂದು ಒಬ್ಬ ದೋಣಿಯವನನ್ನು ಕೇಳಿದ್ದರೆ ಸಾಕಿತ್ತು.

---

ಲೆಕ್ಕಿಗ

ತಾಂಡೇಲರು ಹೇಳಿದ ಪೈಪೋಟಿಗೆ ಅಲಾಸ್ಕಾದ ಹ್ಯಾಲಿಬಟ್ ಮೀನುಗಾರಿಕೆಗಿಂತ ಸ್ಪಷ್ಟ ಉದಾಹರಣೆ ಸಿಗದು. ಅಲ್ಲಿ ಒಟ್ಟು ಹಿಡಿತದ ಮಿತಿ ಇತ್ತು, ವಿಜ್ಞಾನಿಗಳೂ ಇದ್ದರು. ಆ ಮಿತಿಯಲ್ಲಿ ಯಾರ ಪಾಲು ಎಷ್ಟೆಂದು ಮಾತ್ರ ನಿರ್ಧಾರವಾಗಿರಲಿಲ್ಲ. ದೋಣಿಗಳು ಹೆಚ್ಚುತ್ತ ಹೋದಂತೆ ಋತು ಕುಗ್ಗುತ್ತ ಹೋಗಿ, ಕೊನೆಗೆ ವರ್ಷದಲ್ಲಿ ಒಂದೊಂದು ದಿನದ ಕೆಲವೇ ಅವಕಾಶಗಳಿಗೆ ಬಂದು ನಿಂತಿತು. ಆ ದಿನ ಬಿರುಗಾಳಿ ಇದ್ದರೂ ಹೊರಡಲೇಬೇಕು. ಎಲ್ಲರ ಮೀನೂ ಒಂದೇ ದಿನ ದಡಕ್ಕೆ ಬಂದು ಬೆಲೆ ಬೀಳುತ್ತಿತ್ತು. 1995ರಲ್ಲಿ ಪ್ರತಿಯೊಬ್ಬರಿಗೂ ಒಟ್ಟು ಮಿತಿಯಲ್ಲಿ ಇಷ್ಟು ಪಾಲು ಎಂದು ಹಂಚಿದ ಮೇಲೆ ಋತು ಸುಮಾರು ಎಂಟು ತಿಂಗಳಿಗೆ ಚಾಚಿತು. ಹವೆ ನೋಡಿ ಹೋಗಬಹುದು, ಬೆಲೆ ನೋಡಿ ಮಾರಬಹುದು.

ನೀತಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಅನುಭವ ನ್ಯೂಜಿಲೆಂಡಿನದು. 1986ರಲ್ಲಿ ಕೋಟಾ ವ್ಯವಸ್ಥೆ ತಂದಾಗ ಪಾಲನ್ನು ಟನ್‌ಗಳಲ್ಲಿ ಕೊಟ್ಟರು. ಮೀನು ಕಡಿಮೆಯಿದೆ, ಮಿತಿ ಇಳಿಸಬೇಕು ಎಂದಾದರೆ ಸರ್ಕಾರವೇ ಹಣ ಕೊಟ್ಟು ಕೋಟಾವನ್ನು ಮರಳಿ ಕೊಳ್ಳಬೇಕಾಗುತ್ತಿತ್ತು. ಅಂದರೆ ಮೀನು ಕುಸಿದರೆ ನಷ್ಟ ಖಜಾನೆಗೆ, ಕೋಟಾದಾರನಿಗೇನೂ ಇಲ್ಲ. 1990ರಲ್ಲಿ ಅದನ್ನು ಶೇಕಡಾವಾರು ಪಾಲಾಗಿ ಬದಲಿಸಿದರು. ಸಂತತಿ ಬೆಳೆದರೆ ಎಲ್ಲರ ಪಾಲೂ ಬೆಳೆಯುತ್ತದೆ, ಕುಗ್ಗಿದರೆ ಎಲ್ಲರದೂ ಕುಗ್ಗುತ್ತದೆ. ನೀರಗಂಟಿಯವರು ಕೇಳುವ ಭರವಸೆ ಇರುವುದು ಇಂಥ ಒಂದು ಸಾಲಿನಲ್ಲಿ.

---

ದಡದಾಕೆ

ಲೆಕ್ಕಿಗ ಅವರೇ, ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ: ಪಾಲು ಹಂಚಿದ ದಿನ ಕೋಣೆಯಲ್ಲಿ ಯಾರಿದ್ದರು?

ಐಸ್‌ಲ್ಯಾಂಡಿನ ಮೀನುಗಾರಿಕೆ ಕಾನೂನಿನ ಮೊದಲ ಕಲಮಿನಲ್ಲೇ ಮೀನು ಇಡೀ ರಾಷ್ಟ್ರದ ಸೊತ್ತು ಎಂದಿದೆ. ಆದರೆ 1984ರಲ್ಲಿ ಕೋಟಾ ಹಂಚಿದ್ದು ಅದಕ್ಕೂ ಹಿಂದಿನ ಮೂರು ವರ್ಷ ಯಾವ ದೋಣಿ ಎಷ್ಟು ಹಿಡಿದಿತ್ತು ಎಂಬುದರ ಮೇಲೆ. ದೋಣಿಯ ಮೇಲೆ ಕೂಲಿಗೆ ದುಡಿದವರಿಗೆ ಏನೂ ಸಿಗಲಿಲ್ಲ, ದಡದಲ್ಲಿ ಮೀನು ಸೀಳಿ ಉಪ್ಪು ಹಾಕಿದ ಹೆಂಗಸರಿಗೂ ಇಲ್ಲ. ಮುಂದೆ 1990ರ ಕಾನೂನು ಕೋಟಾ ಮಾರಾಟಕ್ಕೆ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಒಂದು ಹಳ್ಳಿಯ ದೋಣಿ ಮಾರಾಟವಾದರೆ ಅದರ ಜೊತೆ ಆ ಹಳ್ಳಿಯ ಮೀನು ಹಿಡಿಯುವ ಹಕ್ಕೂ ಹೊರಟುಹೋಗುತ್ತದೆ. ಸಂಸ್ಕರಣಾ ಘಟಕ ಮುಚ್ಚುತ್ತದೆ. ಕಣ್ಣೆದುರೇ ಇರುವ ಕಡಲಿನಲ್ಲಿ ಹಿಡಿಯಲು ಹುಡುಗರು ದೂರದ ಕಂಪನಿಗೆ ಬಾಡಿಗೆ ಕೊಡಬೇಕಾಗುತ್ತದೆ. ಮೊದಲ ಹಂಚಿಕೆಯಲ್ಲಿದ್ದವರಿಗೆ ಕಾಯಂ ಸವಲತ್ತು ಕೊಡುವ ಈ ಏರ್ಪಾಡು ಸಮಾನತೆಗೆ ವಿರುದ್ಧ ಎಂದು 2007ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೇ ಹೇಳಿತು.

ಮೀನು ಉಳಿದು ಮೀನುಗಾರ ಉಳಿಯದಿದ್ದರೆ ಅದನ್ನು ಸುಸ್ಥಿರ ಎನ್ನಲು ನನಗೆ ಮನಸ್ಸು ಬಾರದು.

---

ಹೊಸಬ

ಕೋಟಾ ಇಷ್ಟು ಕಷ್ಟ ಅಂದರೆ ದಿನಗಳನ್ನೇ ಹಂಚಬಹುದಲ್ಲ? ಪ್ರತಿ ದೋಣಿಗೆ ವರ್ಷಕ್ಕೆ ಇಷ್ಟು ದಿನ. ಮೀನು ತೂಗುವ ಗೋಜೇ ಇಲ್ಲ.

---

ಲೆಕ್ಕಿಗ

ಫೆರೋ ದ್ವೀಪಗಳು 1996ರಲ್ಲಿ ಅದನ್ನೇ ಮಾಡಿದವು. ತೊಂದರೆ ಏನೆಂದರೆ ದಿನ ಅಷ್ಟೇ ಇದ್ದರೂ ದೋಣಿ ಅಷ್ಟೇ ಇರುವುದಿಲ್ಲ. ಎಂಜಿನ್ ದೊಡ್ಡದಾಗುತ್ತದೆ, ಸೋನಾರ್ ಚುರುಕಾಗುತ್ತದೆ, ಬಲೆ ಬದಲಾಗುತ್ತದೆ. ಒಂದು ದಿನದಲ್ಲಿ ಹಿಡಿಯುವ ಮೀನು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಏರುತ್ತದೆ. ಆ ಏರಿಕೆಗೆ ತಕ್ಕಂತೆ ದಿನ ಕಡಿತ ಮಾಡುವ ಧೈರ್ಯ ರಾಜಕಾರಣದಲ್ಲಿ ಅಪರೂಪ. ಅಲ್ಲಿಯ ಕಾಡ್ ಸಂತತಿ ಸೊರಗಿತು.

ಹಾಗೆಂದು ದಿನಗಳ ಲೆಕ್ಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಶ್ಚಿಮ ಪೆಸಿಫಿಕ್‌ನಲ್ಲಿ ನೌರು ಒಪ್ಪಂದದ ದ್ವೀಪರಾಷ್ಟ್ರಗಳು ಟ್ಯೂನಾ ಹಡಗುಗಳಿಗೆ ದಿನಗಳನ್ನು ಮಾರುತ್ತವೆ. ಒಟ್ಟು ದಿನಗಳಿಗೆ ಮಿತಿ ಹಾಕಿ, ಒಂದು ದಿನಕ್ಕೆ ಇಂತಿಷ್ಟಕ್ಕಿಂತ ಕಡಿಮೆ ದರ ಇಲ್ಲ ಎಂದು ಒಟ್ಟಾಗಿ ನಿಂತ ಮೇಲೆ ಅವುಗಳ ಆದಾಯ ಹಲವು ಪಟ್ಟು ಹೆಚ್ಚಿತು. ಅಲ್ಲಿಯವರೆಗೆ ದೂರದೇಶದ ಹಡಗುಗಳು ಒಂದು ದ್ವೀಪವನ್ನು ಇನ್ನೊಂದರ ವಿರುದ್ಧ ಎತ್ತಿಕಟ್ಟಿ ದರ ಇಳಿಸುತ್ತಿದ್ದವು.

---

ನೀರಗಂಟಿ

ದಡದಾಕೆ ಅಕ್ಕನ ಮಾತಿಗೆ ಉತ್ತರಿಸಲೇಬೇಕು. ಪಾಲು ಎಂದರೆ ಮಾರಾಟದ ಕಾಗದವೇ ಆಗಬೇಕೆಂದಿಲ್ಲ. ಒಂದು ಊರಿಗೆ, ಒಂದು ಸಹಕಾರ ಸಂಘಕ್ಕೆ, ಒಂದು ತೀರದ ತುಂಡಿಗೆ ಕೊಟ್ಟ ಹಕ್ಕೂ ಪಾಲೇ.

ಟರ್ಕಿಯ ಅಲಾನ್ಯದ ಮೀನುಗಾರರ ವ್ಯವಸ್ಥೆಯನ್ನು ಎಲಿನಾರ್ ಆಸ್ಟ್ರಮ್ ತಮ್ಮ ಸಂಶೋಧನೆಯಲ್ಲಿ ವಿವರಿಸಿದ್ದಾರೆ. ಸಾಮೂಹಿಕ ಸೊತ್ತಿನ ನಿರ್ವಹಣೆಯ ಮೇಲಿನ ಕೆಲಸಕ್ಕೇ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಲೆ ಹಾಕುವ ಜಾಗಗಳನ್ನು ಮೀನುಗಾರರೇ ಪಟ್ಟಿ ಮಾಡಿದ್ದರು. ಒಬ್ಬರ ಬಲೆ ಇನ್ನೊಬ್ಬರ ಮೀನಿಗೆ ಅಡ್ಡಬಾರದಷ್ಟು ಅಂತರ. ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತಿ ಜಾಗ ಹಂಚಿಕೆ. ಅಲ್ಲಿಂದ ಜನವರಿವರೆಗೆ ಪ್ರತಿದಿನ ಪ್ರತಿಯೊಬ್ಬರೂ ಒಂದು ಜಾಗ ಪೂರ್ವಕ್ಕೆ ಸರಿಯುವುದು, ಜನವರಿ ನಂತರ ಪಶ್ಚಿಮಕ್ಕೆ. ಒಳ್ಳೆಯ ಜಾಗ ಎಲ್ಲರ ಸರದಿಗೂ ಬರುತ್ತದೆ. ಕಾವಲಿಗೆ ಯಾರನ್ನೂ ನೇಮಿಸಬೇಕಿಲ್ಲ. ಒಳ್ಳೆಯ ಜಾಗದ ಸರದಿ ಇರುವವನು ಬೆಳಗಾಗುವ ಮೊದಲೇ ಅಲ್ಲಿರುತ್ತಾನೆ, ಬೇರೆಯವನು ನುಗ್ಗಿದರೆ ಆಗಲೇ ಸಿಕ್ಕಿಬೀಳುತ್ತಾನೆ.

ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ ಮೀನುಗಾರರದು ಇನ್ನೊಂದು ಕ್ರಮ. ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಬಿದ್ದರೆ ಅದರ ಬಾಲದ ರೆಕ್ಕೆಯಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಸಣ್ಣ ಕಚ್ಚು ಮಾಡಿ ನೀರಿಗೆ ಬಿಡುತ್ತಾರೆ. ಮುಂದೆ ಅದು ಯಾರ ಬೋನಿಗೆ ಬಿದ್ದರೂ, ಆಗ ಮೊಟ್ಟೆ ಇಲ್ಲದಿದ್ದರೂ, ಕಚ್ಚು ನೋಡಿ ಬಿಡಲೇಬೇಕು. ತೀರಾ ಸಣ್ಣದಕ್ಕೆ ಇರುವ ಹಾಗೆ ತೀರಾ ದೊಡ್ಡದಕ್ಕೂ ನಿಷೇಧವಿದೆ. ತನ್ನ ಬೋನಿಗೆ ಬಿದ್ದ ದುಡ್ಡನ್ನು ಮುಂದಿನವರ ನಂಬಿಕೆಯ ಮೇಲೆ ನೀರಿಗೆ ಬಿಡುವುದು ಸಣ್ಣ ಮಾತಲ್ಲ.

ಇದು ನಡೆಯುವುದು ಮೀನು ಬಹುಮಟ್ಟಿಗೆ ಒಂದೇ ಕಡೆ ಇರುವಲ್ಲಿ, ಹಿಡಿಯುವವರು ಒಬ್ಬರಿಗೊಬ್ಬರು ಗೊತ್ತಿರುವಲ್ಲಿ. ಸಾವಿರಾರು ಮೈಲಿ ಸಾಗುವ ಟ್ಯೂನಾಗೆ ಚೀಟಿ ಎತ್ತಲಾಗದು. ಅಲ್ಲಿ ಸರ್ಕಾರಗಳ ನಡುವಿನ ಒಪ್ಪಂದವೇ ದಾರಿ. ಎಲ್ಲ ಮೀನಿಗೂ ಒಂದೇ ನೀತಿ ಬರೆಯಲು ಹೊರಟವರು ಎರಡೂ ಕಡೆ ಕೈಸುಟ್ಟುಕೊಳ್ಳುತ್ತಾರೆ.

---

ಕಿವಿಗಲ್ಲು

ನಾನು ಮೀನಿನ ವಯಸ್ಸು ಓದುವ ಕೆಲಸದವಳು. ಮೀನಿನ ಕಿವಿಯೊಳಗೆ ಸುಣ್ಣದ ಪುಟ್ಟ ಕಲ್ಲಿರುತ್ತದೆ. ಅದನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ ಕಾಣುತ್ತದೆ. ಒಂದು ಬಂದರಿನ ಮಾದರಿಗಳಲ್ಲಿ ಹೆಚ್ಚು ಬಳೆಯ ಕಲ್ಲುಗಳು ಸಿಗುವುದೇ ನಿಂತರೆ, ಒಟ್ಟು ತೂಕ ಚೆನ್ನಾಗಿದ್ದರೂ ನಮಗೆ ಭಯ ಶುರುವಾಗುತ್ತದೆ.

ಏಕೆಂದರೆ ಮೊಟ್ಟೆಯ ಲೆಕ್ಕ ತೂಕದ ಲೆಕ್ಕದಂತೆ ಸಾಗುವುದಿಲ್ಲ. ಅನೇಕ ಜಾತಿಗಳಲ್ಲಿ ಒಂದು ದೊಡ್ಡ ಹಳೆಯ ಹೆಣ್ಣು, ಒಟ್ಟು ಸೇರಿ ಅಷ್ಟೇ ತೂಗುವ ಹತ್ತಾರು ಚಿಕ್ಕ ಹೆಣ್ಣುಗಳು ಸೇರಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಕೆಲವು ಜಾತಿಗಳಲ್ಲಿ ಆ ಮರಿಗಳು ಗಟ್ಟಿಯೂ ಹೌದು. ದೊಡ್ಡ ಮೀನನ್ನೆಲ್ಲ ಬಳಿದು ತರುವುದೆಂದರೆ ಬಿತ್ತನೆಗೆ ಎತ್ತಿಟ್ಟ ಬೀಜವನ್ನೇ ಕುಟ್ಟಿ ಉಂಡಂತೆ. ಕನಿಷ್ಠ ಅಳತೆಯೊಂದನ್ನೇ ಬರೆದ ನೀತಿ ಎಲ್ಲರನ್ನೂ ಆ ದೊಡ್ಡ ಮೀನಿನತ್ತಲೇ ಅಟ್ಟುತ್ತದೆ. ಮೇನ್‌ನ ಗರಿಷ್ಠ ಅಳತೆಯ ಮಹತ್ವ ಇಲ್ಲಿದೆ.

ನೀರಗಂಟಿಯವರ ಮೊದಲ ಅಂಶಕ್ಕೆ ಒಂದು ಸೇರ್ಪಡೆ. ಗರಿಷ್ಠ ಸುಸ್ಥಿರ ಇಳುವರಿ, ಅಂದರೆ ಸಂತತಿ ಕುಗ್ಗದಂತೆ ವರ್ಷವರ್ಷವೂ ಹಿಡಿಯಬಹುದಾದ ಅತಿ ಹೆಚ್ಚಿನ ಪ್ರಮಾಣ, ಎಂಬ ಅಂಕಿಯನ್ನು ಬಹಳ ದೇಶಗಳು ಮುಟ್ಟಬೇಕಾದ ಗುರಿಯಾಗಿ ಇಟ್ಟುಕೊಂಡವು. ನಮ್ಮ ಅಂದಾಜಿನಲ್ಲಿ ಯಾವಾಗಲೂ ಒಂದಿಷ್ಟು ತಪ್ಪಿರುತ್ತದೆ. ಅಂಚಿಗೇ ಗುರಿಯಿಟ್ಟರೆ ಅರ್ಧ ಸಲ ಅಂಚಿನಾಚೆ ಬೀಳುತ್ತೇವೆ. ಅದನ್ನು ದಾಟಬಾರದ ಗೆರೆ ಎಂದು ಬರೆಯಬೇಕು, ಮಾಹಿತಿ ಕಡಿಮೆ ಇದ್ದಷ್ಟೂ ಗೆರೆಯಿಂದ ದೂರ ನಿಲ್ಲಬೇಕು. ಮಾಹಿತಿ ಇಲ್ಲ ಎಂಬ ಕಾರಣ ಕೊಟ್ಟು ಹಿಡಿತ ಮುಂದುವರಿಸುವ ಅಭ್ಯಾಸ ಎಲ್ಲಕ್ಕಿಂತ ಅಪಾಯಕಾರಿ.

ಮೀನು ಚಲಿಸುತ್ತದಾದ್ದರಿಂದ ನಿಯಮವೂ ಚಲಿಸಬೇಕು. ಪೆರುವಿನ ಆಂಚೊವೆಟಾ ಮೀನುಗಾರಿಕೆ 1970ರ ಸುಮಾರಿಗೆ ವರ್ಷಕ್ಕೆ ಕೋಟಿ ಟನ್ ದಾಟಿತ್ತು. ಅತಿಯಾದ ಹಿಡಿತದ ಮೇಲೆ 1972-73ರ ಎಲ್ ನಿನೊ (ಪೆಸಿಫಿಕ್ ಕಡಲ ನೀರು ಬಿಸಿಯಾಗುವ ವಿದ್ಯಮಾನ) ಬಂದು ಅದು ಕುಸಿಯಿತು. ಈಗ ಅಲ್ಲಿ ಹಿಡಿದದ್ದರಲ್ಲಿ ಮರಿಗಳ ಸಂಖ್ಯೆ ಶೇ 10 ದಾಟಿದರೆ ಆ ಪ್ರದೇಶವನ್ನು ಆಗಿಂದಾಗ್ಗೆ ಕೆಲ ದಿನ ಮುಚ್ಚುತ್ತಾರೆ.

---

ಹಳೇ ತಾಂಡೇಲ

ಕಿವಿಗಲ್ಲು ಮೇಡಂ, ಮುಚ್ಚಿದ ಜಾಗದಿಂದ ಹೊರಗೆ ಹೋಗುವ ಡೀಸೆಲ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಆದರೂ ವರ್ಷಪೂರ್ತಿ ನಕ್ಷೆಯಲ್ಲಿ ಗೆರೆ ಎಳೆದು ಬಿಡುವುದಕ್ಕಿಂತ ಇದು ವಾಸಿ.

ಬೇಡದ ಮೀನನ್ನು ಸತ್ತ ಮೇಲೆ ಕಡಲಿಗೆ ಚೆಲ್ಲುವ ವಿಷಯ ಯಾರೂ ಎತ್ತಿಲ್ಲ. ಆಳದಿಂದ ಸರ್ರನೆ ಮೇಲೆ ಬಂದ ಮೀನಿನ ಹೊಟ್ಟೆಯ ಗಾಳಿಚೀಲ ಉಬ್ಬಿ ಬಾಯಿಯಿಂದ ಜಠರ ಹೊರಬಂದಿರುತ್ತದೆ. ಅದನ್ನು ವಾಪಸು ಬಿಟ್ಟರೆ ಬದುಕುತ್ತದೆ ಅಂತ ಬರೆದವರು ಅದನ್ನು ನೋಡಿಲ್ಲ. ಕೋಟಾ ಮುಗಿದ ಜಾತಿಯ ಮೀನು ಬಲೆಗೆ ಬಿದ್ದರೆ ಏನು ಮಾಡುವುದು? ತಂದರೆ ದಂಡ. ಚೆಲ್ಲಿದರೆ ಯಾರಿಗೂ ಗೊತ್ತಾಗದು.

---

ಲೆಕ್ಕಿಗ

ಅದಕ್ಕೆ ನಾರ್ವೆ ಕಂಡುಕೊಂಡ ಉಪಾಯ ಚೆನ್ನಾಗಿದೆ. 1987ರಲ್ಲಿ ಕಾಡ್ ಮತ್ತು ಹ್ಯಾಡಕ್ ಮೀನನ್ನು ಚೆಲ್ಲುವುದನ್ನು ನಿಷೇಧಿಸಿದರು. ಕೋಟಾ ಮೀರಿದ ಮೀನನ್ನೂ ದಡಕ್ಕೆ ತರಬೇಕು, ಅದು ಮಾರಾಟವಾಗುತ್ತದೆ, ಹಣ ಮೀನುಗಾರರ ಮಾರಾಟ ಸಂಘಕ್ಕೆ ಹೋಗುತ್ತದೆ. ತಂದ ಖರ್ಚಿಗೆಂದು ದೋಣಿಯವನಿಗೆ ಬೆಲೆಯ ಸುಮಾರು ಶೇ 20 ಸಿಗುತ್ತದೆ. ಬೇಕೆಂದೇ ಹಿಡಿಯುವಷ್ಟು ಲಾಭ ಅದರಲ್ಲಿಲ್ಲ, ಚೆಲ್ಲಿಬಿಡುವಷ್ಟು ನಷ್ಟವೂ ಇಲ್ಲ. ಐರೋಪ್ಯ ಒಕ್ಕೂಟ 2015ರಿಂದ 2019ರವರೆಗೆ ಹಂತಹಂತವಾಗಿ ಇಂಥದೇ ಕಡ್ಡಾಯ ತಂದಿತು. ಆದರೆ ಕಡಲಿನಲ್ಲಿ ನೋಡುವವರಿಲ್ಲದೆ ಪಾಲನೆ ಕುಂಟುತ್ತಲೇ ಇದೆ.

ಡೀಸೆಲ್ ಮಾತು ಬಂದದ್ದರಿಂದ ಹೇಳಲೇಬೇಕು. 2018ರಲ್ಲಿ ಜಗತ್ತಿನ ಸರ್ಕಾರಗಳು ಮೀನುಗಾರಿಕೆಗೆ ಕೊಟ್ಟ ಸಹಾಯಧನ ಸುಮಾರು 3,540 ಕೋಟಿ ಡಾಲರ್ ಎಂಬ ಅಂದಾಜಿದೆ. ಅದರಲ್ಲಿ 2,220 ಕೋಟಿ ಹೋದದ್ದು ಇಂಧನ, ದೋಣಿ ನಿರ್ಮಾಣದಂಥ ಹಿಡಿಯುವ ತಾಕತ್ತು ಹೆಚ್ಚಿಸುವ ಬಾಬ್ತುಗಳಿಗೆ. ಒಂದು ಇಲಾಖೆ ಮೀನು ಉಳಿಸಿ ಎನ್ನುವಾಗ ಇನ್ನೊಂದು ಇಲಾಖೆ ಹೆಚ್ಚು ಹಿಡಿಯಲು ದುಡ್ಡು ಕೊಡುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರ ಜೂನ್‌ನಲ್ಲಿ ಒಪ್ಪಂದವಾಗಿ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ, ಈಗಾಗಲೇ ಸೊರಗಿದ ಸಂತತಿಯನ್ನು ಹಿಡಿಯಲು ಕೊಡುವ ನೆರವಿಗೆ ಅದು ಕಡಿವಾಣ ಹಾಕುತ್ತದೆ. ದೋಣಿಗಳ ಅತಿಯಾದ ಸಂಖ್ಯೆಗೆ ಕಾರಣವಾಗುವ ಸಾಮಾನ್ಯ ನೆರವಿನ ಪ್ರಶ್ನೆಯನ್ನು ಮಾತುಕತೆಗೆ ಬಿಟ್ಟಿದೆ.

---

ದಡದಾಕೆ

ನೆರವು ನಿಲ್ಲಿಸಿ ಎನ್ನುವಾಗ ಯಾರ ನೆರವು ಎಂದು ಕೇಳಬೇಕು. ಇಂಧನದ ನೆರವಿನ ಹೆಚ್ಚಿನ ಪಾಲು ಸೇರುವುದು ಹೆಚ್ಚು ಇಂಧನ ಸುಡುವ ದೊಡ್ಡ ಹಡಗಿಗೆ. ಹುಟ್ಟು ಹಾಕುವವನಿಗೆ ಡೀಸೆಲ್ ನೆರವು ಯಾಕೆ? ಅದೇ ದುಡ್ಡನ್ನು ನಿಷೇಧದ ತಿಂಗಳುಗಳ ಜೀವನಕ್ಕೆ, ಮಂಜುಗಡ್ಡೆಗೆ, ಮೀನು ಕೆಡದಂತೆ ಇಡುವ ವ್ಯವಸ್ಥೆಗೆ ಹಾಕಿದರೆ ಕಡಿಮೆ ಮೀನಿನಲ್ಲೂ ಸಂಸಾರ ನಡೆಯುತ್ತದೆ.

ನಿಷೇಧದ ಪರಿಹಾರ ಕೊಡುವಾಗ ದೋಣಿಯ ದಾಖಲೆಯಲ್ಲಿ ಹೆಸರಿರುವವರನ್ನು ಮಾತ್ರ ನೋಡಬೇಡಿ. ಮೀನು ಹೊರುವವಳು, ಒಣಗಿಸುವವಳು, ಬಲೆ ಹೆಣೆಯುವವಳು ಯಾವ ದಾಖಲೆಯಲ್ಲೂ ಇಲ್ಲ. ಮೀನು ಬಾರದ ತಿಂಗಳಲ್ಲಿ ಅವರ ಒಲೆಯೂ ಹೊತ್ತುವುದಿಲ್ಲ. ಮೊದಲು ಅವರ ಹೆಸರು ಬರೆಯುವ ಕೆಲಸ ಆಗಲಿ, ನಂತರ ಕೋಟಾ ಮಾತಾಡೋಣ. ಕ್ರಮ ತಿರುವುಮುರುವಾದರೆ ಐಸ್‌ಲ್ಯಾಂಡಿನ ಹಳ್ಳಿಗಳಿಗಾದದ್ದೇ ಎಲ್ಲ ಕಡೆ ಆಗುತ್ತದೆ.

---

ಹೊಸಬ

ಎರಡು ದೇಶಗಳ ನಡುವೆ ಓಡಾಡುವ ಮೀನಿಗೆ ಇದೆಲ್ಲ ಹೇಗೆ? ಒಬ್ಬರು ಉಳಿಸಿದರೆ ಇನ್ನೊಬ್ಬರು ಹಿಡಿಯುತ್ತಾರಲ್ಲ.

---

ಕಿವಿಗಲ್ಲು

ಹತ್ತಿರಹತ್ತಿರದ ಕಡಲಲ್ಲೇ ಎರಡು ಉದಾಹರಣೆಗಳಿವೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನನ್ನು ನಾರ್ವೆ ಮತ್ತು ರಷ್ಯಾ ಜಂಟಿ ಆಯೋಗದಲ್ಲಿ ಕೂತು ಹಂಚಿಕೊಳ್ಳುತ್ತ ಬಂದಿವೆ. ಹಿಡಿತ ನಿರ್ಧರಿಸುವ ಸೂತ್ರ ಮುಂಚೆಯೇ ಬರೆದಿತ್ತು. ಒಂದು ವರ್ಷದಿಂದ ಇನ್ನೊಂದಕ್ಕೆ ಕೋಟಾ ಎಷ್ಟು ಏರಿಳಿಯಬಹುದು ಎಂಬುದಕ್ಕೂ ಮಿತಿ ಇತ್ತು. 2013ರಲ್ಲಿ ಕೋಟಾ 10 ಲಕ್ಷ ಟನ್ ಮುಟ್ಟಿತು.

ಇನ್ನೊಂದು ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್. ಆ ಮೀನು ಉತ್ತರಕ್ಕೂ ಪಶ್ಚಿಮಕ್ಕೂ ಹರಡಿ ಐಸ್‌ಲ್ಯಾಂಡಿನ ನೀರಿಗೆ ಬಂತು. ಹಳೆಯ ಪಾಲುದಾರರು ಹಳೆಯ ಲೆಕ್ಕ ಬಿಡಲಿಲ್ಲ, ಹೊಸಬರು ತಮ್ಮಷ್ಟಕ್ಕೆ ಕೋಟಾ ಘೋಷಿಸಿದರು. ಎಲ್ಲರದೂ ಕೂಡಿದರೆ ವಿಜ್ಞಾನಿಗಳು ಹೇಳಿದ ಮಿತಿಗಿಂತ ಹೆಚ್ಚು. 2019ರಲ್ಲಿ ಅದರ ಸುಸ್ಥಿರತೆಯ ಪ್ರಮಾಣಪತ್ರವನ್ನೇ ಅಮಾನತು ಮಾಡಿದರು. ಕಡಲು ಬಿಸಿಯಾದಂತೆ ಇಂಥ ವಲಸೆ ಹೆಚ್ಚುತ್ತದೆ. ಒಪ್ಪಂದ ಬರೆಯುವಾಗಲೇ, ಮೀನು ಸರಿದರೆ ಪಾಲನ್ನು ಹೀಗೆ ಮರುಹಂಚುತ್ತೇವೆ ಎಂಬ ಕಲಮು ಇರಬೇಕು.

---

ನೀರಗಂಟಿ

ದಡದಾಕೆ ಅಕ್ಕ ಹೇಳಿದ ಕ್ರಮವೇ ಸರಿ ಎನಿಸುತ್ತಿದೆ. ಮೊದಲು ದುಡಿಯುವ ಎಲ್ಲರ ನೋಂದಣಿ, ಆಮೇಲೆ ಪಾಲು. ಪಾಲು ಶೇಕಡಾವಾರು, ಅದರಲ್ಲೊಂದು ಭಾಗ ಊರಿನ ಅಥವಾ ಸಂಘದ ಹೆಸರಿನಲ್ಲಿ, ಅದನ್ನು ಮಾರುವಂತಿಲ್ಲ. ಅಲಾಸ್ಕಾದಲ್ಲಿ ಹ್ಯಾಲಿಬಟ್ ಹಂಚುವಾಗ ಪಶ್ಚಿಮ ತೀರದ ಹಳ್ಳಿಗಳಿಗೆಂದು ಪ್ರತ್ಯೇಕ ಪಾಲಿಟ್ಟರು. ಒಬ್ಬರ ಕೈಯಲ್ಲಿ ಎಷ್ಟು ಸೇರಬಹುದು ಎಂಬುದಕ್ಕೆ ಮಿತಿ ಹಾಕಿದರು. ಕೊಳ್ಳುವವನು ತಾನೇ ದೋಣಿಯಲ್ಲಿರಬೇಕು ಎಂಬ ಷರತ್ತನ್ನೂ ಬಹುಪಾಲು ಕೋಟಾಕ್ಕೆ ಹಾಕಿದರು. ಇವನ್ನು ಮೊದಲ ದಿನವೇ ಬರೆಯಬೇಕು. ಕೋಟಾಕ್ಕೆ ಬೆಲೆ ಬಂದು, ಅದರ ಮೇಲೆ ಬ್ಯಾಂಕ್ ಸಾಲ ಎದ್ದ ಮೇಲೆ ತಿದ್ದಲು ಹೋದರೆ ನ್ಯಾಯಾಲಯದಲ್ಲೇ ವರ್ಷಗಳು ಕಳೆಯುತ್ತವೆ.

ಉಳಿದ ಪ್ರಶ್ನೆ ತಾಂಡೇಲರದು: ಕಡಲ ಮಧ್ಯದಲ್ಲಿ ನೋಡುವವರು ಯಾರು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಾಳದ ದೋಣಿಗಳ ಮೇಲೆ 2006ರಿಂದ ಕ್ಯಾಮೆರಾ ಇದೆ. ಎಲ್ಲ ದೃಶ್ಯವನ್ನೂ ಯಾರೂ ಕೂತು ನೋಡುವುದಿಲ್ಲ. ದೋಣಿಯವನು ಬರೆದ ದಿನವಹಿಯೇ ಮೂಲ ದಾಖಲೆ. ಯಾವುದೆಂದು ಮೊದಲೇ ಹೇಳದೆ ಶೇ 10ರಷ್ಟು ದೃಶ್ಯ ಆರಿಸಿ ದಿನವಹಿಗೆ ತಾಳೆ ನೋಡುತ್ತಾರೆ. ಹೊಂದಿದರೆ ದಿನವಹಿಯನ್ನೇ ಒಪ್ಪುತ್ತಾರೆ, ಹೊಂದದಿದ್ದರೆ ಎಲ್ಲವನ್ನೂ ನೋಡುತ್ತಾರೆ.

---

ಹಳೇ ತಾಂಡೇಲ

ಆ ಪದ್ಧತಿಗೆ ನನ್ನ ಒಪ್ಪಿಗೆ ಇದೆ. ದಿನವಹಿ ಬರೆದವನ ಮಾತಿಗೆ ಅಲ್ಲಿ ಬೆಲೆ ಇದೆ. ಎರಡು ಷರತ್ತು. ಆ ದೃಶ್ಯ ಮೀನಿನ ಲೆಕ್ಕಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹೋಗಬಾರದು, ಕೂಲಿಯವರ ಮೇಲೆ ಮಾಲೀಕ ಕಣ್ಣಿಡಲು ಅಂತೂ ಕೂಡದು. ಮತ್ತೆ, ನಾವು ಬರೆದ ದಿನವಹಿಯಿಂದ ಮೇಡಂ ಅಂಥವರು ಮಾಡಿದ ಅಂದಾಜನ್ನು ಕೋಟಾ ಘೋಷಿಸುವ ಮುಂಚೆ ಬಂದರಿಗೆ ತಂದು ನಮ್ಮ ಮುಂದೆ ಇಡಬೇಕು. ಎಲ್ಲಿ ಹೊಂದುತ್ತಿಲ್ಲ ಅಂತ ನಾವು ಹೇಳಿದ್ದನ್ನು ಬರೆದುಕೊಳ್ಳಬೇಕು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಅದೇ ಕಾಗದದ ಕೆಳಗೆ ಉತ್ತರ ಇರಬೇಕು.